ನೆಲಬಾಂಬ್ ತೆಗೆಯುವಾಗ ಮಡಿದ ಯೋಧ: ಗೌರವ ತೀರ್ಮಾನವಾಗುವುದು ಯಾವ ಕಾಗದದಲ್ಲಿ?

2024ರ ಜನವರಿಯಲ್ಲಿ ಜಮ್ಮು ಮತ್ತು ಕಾಶ್ಮೀರದ ರಾಜೌರಿ ಜಿಲ್ಲೆಯ ನೌಶೇರಾ ವಲಯದಲ್ಲಿ ನೆಲಬಾಂಬ್ ಸಿಡಿದು ಪಂಜಾಬಿನ ಅಗ್ನಿವೀರರೊಬ್ಬರು (ನಾಲ್ಕು ವರ್ಷದ ಅವಧಿಗೆ ಸೇನೆಗೆ ಸೇರಿದ ಯೋಧ) ಮೃತಪಟ್ಟರು. ಅದೇ ವರ್ಷದ ಜುಲೈನಲ್ಲಿ ಆ ಸಾವು ಲೋಕಸಭೆಯಲ್ಲಿ ದೊಡ್ಡ ವಾಗ್ವಾದಕ್ಕೆ ಕಾರಣವಾಯಿತು. ಅಗ್ನಿವೀರರಿಗೆ ಹುತಾತ್ಮರ ಸ್ಥಾನವಾಗಲಿ ಪರಿಹಾರವಾಗಲಿ ಸೈನಿಕರಿಗೆ ಸಲ್ಲುವ ಪಿಂಚಣಿಯಾಗಲಿ ಸಿಗುತ್ತಿಲ್ಲ ಎಂದು ವಿರೋಧ ಪಕ್ಷದ ನಾಯಕ ರಾಹುಲ್ ಗಾಂಧಿ ಆಕ್ಷೇಪಿಸಿದರು. ಒಂದು ಕೋಟಿ ರೂಪಾಯಿ ಕೊಡಲಾಗುತ್ತದೆ ಎಂದು ರಕ್ಷಣಾ ಸಚಿವ ರಾಜನಾಥ ಸಿಂಗ್ ಉತ್ತರಿಸಿದರು. ಕೊನೆಗೆ ಸೇನೆಯೇ ಹೇಳಿಕೆ ನೀಡಿ, 98.39 ಲಕ್ಷ ರೂಪಾಯಿ ಈಗಾಗಲೇ ಪಾವತಿಯಾಗಿದೆ, ಒಟ್ಟು ಮೊತ್ತ ಸುಮಾರು 1.65 ಕೋಟಿ ಆಗಲಿದೆ ಎಂದು ತಿಳಿಸಿತು. ಸುದ್ದಿ ಓದಿದವರಿಗೆ ಉಳಿದದ್ದು ಗೊಂದಲವೊಂದೇ. ಇವರಲ್ಲಿ ಯಾರ ಮಾತು ಸರಿ?

ಬಳ್ಳಾರಿ, ರಾಯಚೂರು, ಕೊಪ್ಪಳದ ಹಳ್ಳಿಗಳಿಂದಲೂ ಯುವಕರು ಸೇನೆಗೆ ಹೋಗುತ್ತಿದ್ದಾರೆ. ಕೊಡಗು, ಬೆಳಗಾವಿಯಲ್ಲಿ ಇರುವಂತೆ ಮನೆಮನೆಯಲ್ಲೂ ಮಾಜಿ ಸೈನಿಕರಿರುವ ವಾತಾವರಣ ನಮ್ಮ ಕಡೆ ಇಲ್ಲ. ಹಾಗಾಗಿ ಇಂಥ ಸಾವು ಎದುರಾದಾಗ ಯಾವ ಕಾಗದ ಕೇಳಬೇಕು, ಯಾರನ್ನು ಕೇಳಬೇಕು ಎಂದು ಹೇಳಿಕೊಡುವ ಹಿರಿಯರು ಓಣಿಯಲ್ಲಿ ಸಿಗುವುದು ಕಡಿಮೆ. ಮೆರವಣಿಗೆ, ಪುಷ್ಪವೃಷ್ಟಿ, ಘೋಷಣೆ ಎಲ್ಲವೂ ಎರಡು ದಿನದಲ್ಲಿ ಮುಗಿಯುತ್ತವೆ. ಕುಟುಂಬದ ಮುಂದಿನ ನಲವತ್ತು ವರ್ಷಗಳನ್ನು ನಿರ್ಧರಿಸುವುದು ಆ ಸಾವನ್ನು ಸೇನೆ ಯಾವ ವರ್ಗದಲ್ಲಿ ದಾಖಲಿಸಿತು ಎಂಬುದು. ಸ್ಫೋಟಕ ನಿಷ್ಕ್ರಿಯಗೊಳಿಸುವ ಯೋಧರ ವಿಷಯದಲ್ಲಿ ಈ ದಾಖಲಾತಿ ಉಳಿದವರಿಗಿಂತ ಹೆಚ್ಚು ಸೂಕ್ಷ್ಮ. ಹೊರಗಿನಿಂದ ನೋಡಿದರೆ ಅವರ ಸಾವು ‘ಅಪಘಾತ’ದಂತೆಯೇ ಕಾಣುತ್ತದೆ.

ಎದುರಾಳಿ ಕಾಣದ ಯುದ್ಧ

ಭೂಸೇನೆಯಲ್ಲಿ ನೆಲಬಾಂಬ್ ಹುದುಗಿಸುವುದು, ತೆಗೆಯುವುದು, ಸಿಡಿಯದ ಶೆಲ್‌ಗಳನ್ನು ನಾಶಮಾಡುವುದು ಮುಖ್ಯವಾಗಿ ಕೋರ್ ಆಫ್ ಎಂಜಿನಿಯರ್ಸ್‌ನ ಕೆಲಸ. ಇದರ ಯೋಧರನ್ನು ಸ್ಯಾಪರ್ ಎನ್ನುತ್ತಾರೆ. ಅವರ ಮೂರು ಕೇಂದ್ರಗಳಲ್ಲಿ ಒಂದು ನಮ್ಮ ಬೆಂಗಳೂರಿನಲ್ಲೇ, ಹಲಸೂರು ಕೆರೆಯ ಬಳಿ ಇದೆ: 1780ರಷ್ಟು ಹಳೆಯ ಇತಿಹಾಸವುಳ್ಳ ಮದ್ರಾಸ್ ಎಂಜಿನಿಯರ್ ಗ್ರೂಪ್. ಇನ್ನೆರಡು ಪುಣೆಯ ಖಡ್ಕಿ ಮತ್ತು ಉತ್ತರಾಖಂಡದ ರೂರ್ಕಿಯಲ್ಲಿವೆ.

ಕೆಲಸ ನಡೆಯುವ ಬಗೆ ಹೀಗೆ. ಯೋಧ ನೆಲಕ್ಕೆ ಮೈಯೊಡ್ಡಿ ಮಲಗುತ್ತಾನೆ ಅಥವಾ ಮೊಣಕಾಲೂರುತ್ತಾನೆ. ಲೋಹಶೋಧಕ ಸದ್ದು ಮಾಡಿದ ಕಡೆ ತೆಳುವಾದ ಸಲಾಕೆಯನ್ನು ಓರೆಯಾಗಿ ಮಣ್ಣಿಗೆ ಮೆಲ್ಲಗೆ ಚುಚ್ಚುತ್ತಾ, ಏನಾದರೂ ತಗಲುತ್ತದೆಯೇ ಎಂದು ಬೆರಳಿನಲ್ಲಿ ಕೇಳಿಸಿಕೊಳ್ಳುತ್ತಾನೆ. ನೇರವಾಗಿ ಚುಚ್ಚಿದರೆ ಸಲಾಕೆ ಬಾಂಬಿನ ನೆತ್ತಿಯನ್ನೇ ಒತ್ತುತ್ತದೆ. ಓರೆಯಾಗಿ ಹೋದರೆ ಪಕ್ಕ ತಾಗುತ್ತದೆ. ಹೊರಕವಚ ಪ್ಲಾಸ್ಟಿಕ್‌ನದಾದರೆ ಶೋಧಕಕ್ಕೂ ಅದು ಸರಿಯಾಗಿ ಸಿಗುವುದಿಲ್ಲ. ಸಿಕ್ಕ ಬಾಂಬನ್ನು ಎತ್ತಿದೊಡನೆ ಸಿಡಿಯುವಂತೆ ಅದರ ಅಡಿಯಲ್ಲಿ ಮತ್ತೊಂದನ್ನು ಇಟ್ಟಿರಲೂಬಹುದು. ಬಾಂಬ್ ಸೂಟ್ 35 ಕಿಲೋಗೂ ಹೆಚ್ಚು ತೂಗುತ್ತದೆ. ಆದರೂ ಸೂಕ್ಷ್ಮ ತಂತಿ, ಕೀಲು ಹಿಡಿಯಬೇಕಾದ್ದರಿಂದ ಅಂಗೈ, ಬೆರಳುಗಳು ಸಾಮಾನ್ಯವಾಗಿ ಬರಿದಾಗಿಯೇ ಇರುತ್ತವೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸಿದ ‘ದಕ್ಷ್’ ಎಂಬ ದೂರನಿಯಂತ್ರಿತ ವಾಹನ ನಗರದ ರಸ್ತೆಯಲ್ಲಿ, ಕಟ್ಟಡದಲ್ಲಿ ಉಪಯೋಗಕ್ಕೆ ಬರುತ್ತದೆ. ಗಡಿಯ ಕಡಿದಾದ ಇಳಿಜಾರಿನಲ್ಲಿ ಮನುಷ್ಯನೇ ಹೋಗಬೇಕು.

ಹಟ್ಟಿ ಚಿನ್ನದ ಗಣಿಯಲ್ಲಿ, ಸಂಡೂರಿನ ಅದಿರು ಗಣಿಗಳಲ್ಲಿ ಬ್ಲಾಸ್ಟಿಂಗ್ ಕೆಲಸ ಮಾಡಿದವರಿಗೆ ‘ಮಿಸ್‌ಫೈರ್’ ಎಂದರೆ ಏನೆಂದು ಗೊತ್ತು. ಸಿಡಿಯದೆ ಉಳಿದ ಮದ್ದಿನ ಕುಳಿಯ ಬಳಿಗೆ ನಿಗದಿತ ಹೊತ್ತು ಕಳೆಯುವ ಮೊದಲು ಯಾರೂ ಹೋಗುವುದಿಲ್ಲ. ಅಲ್ಲಾದರೂ ಕುಳಿ ತೋಡಿದವರು, ಮದ್ದು ತುಂಬಿದವರು ನಮ್ಮವರೇ. ತಂತಿ ಎಲ್ಲಿದೆ ಎಂಬ ಲೆಕ್ಕ ಇರುತ್ತದೆ. ಸ್ಯಾಪರ್ ಕೈಯಿಕ್ಕುವ ಮದ್ದನ್ನು ಹೂತವನು ಅವನನ್ನು ಕೊಲ್ಲಲೆಂದೇ ಹೂತಿರುತ್ತಾನೆ.

ನಮ್ಮದೇ ಸೇನೆ ಹುದುಗಿಸಿದ ಬಾಂಬುಗಳೂ ಅಪಾಯಕಾರಿಯೇ. ನೆಲಬಾಂಬ್ ನಿಷೇಧಿಸುವ 1997ರ ಒಟ್ಟಾವಾ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಗಡಿ ನಿಯಂತ್ರಣ ರೇಖೆಯುದ್ದಕ್ಕೂ ನುಸುಳುಕೋರರನ್ನು ತಡೆಯಲು ಬಾಂಬುಗಳನ್ನು ಹುದುಗಿಸಲಾಗಿದೆ. ಮಳೆ, ಹಿಮ, ಭೂಕುಸಿತ ಅವನ್ನು ನಕ್ಷೆಯಲ್ಲಿ ಗುರುತಿಸಿದ ಜಾಗದಿಂದ ಜರುಗಿಸುತ್ತವೆ. 2025ರ ಮೇ ತಿಂಗಳ ಶೆಲ್ ದಾಳಿಯ ಬಳಿಕ ಪೂಂಛ್, ರಾಜೌರಿಯ ಹಳ್ಳಿಗಳಲ್ಲಿ ಸಿಡಿಯದೆ ಬಿದ್ದಿದ್ದ ಶೆಲ್‌ಗಳನ್ನು ನಾಶಮಾಡಿದ್ದೂ ಸೇನೆಯ ತಂಡಗಳೇ. ಗುಂಡಿನ ಸದ್ದು ನಿಂತು ಜನ ಮನೆಗೆ ಮರಳುವ ಹೊತ್ತಿನಲ್ಲಿ ಇವರ ಯುದ್ಧ ಶುರುವಾಗುತ್ತದೆ. ಆಗ ಸಂಭವಿಸುವ ಸಾವಿಗೆ ಎದುರಾಳಿ ಕಾಣುವುದಿಲ್ಲ, ಕದನವೂ ಕಾಣುವುದಿಲ್ಲ. ಕಾಗದದ ಮೇಲಿನ ತೊಡಕು ಹುಟ್ಟುವುದು ಇಲ್ಲಿಂದಲೇ.

‘ಹುತಾತ್ಮ’ ಎಂಬ ಸರ್ಕಾರಿ ಘೋಷಣೆ ಇಲ್ಲ

‘ಸರ್ಕಾರ ಇವರನ್ನು ಹುತಾತ್ಮರೆಂದು ಘೋಷಿಸಲಿ’ ಎಂಬ ಬೇಡಿಕೆ ಪ್ರತಿ ಬಾರಿಯೂ ಕೇಳಿಬರುತ್ತದೆ. ವಾಸ್ತವವಾಗಿ ಹಾಗೆ ಘೋಷಿಸುವ ಪ್ರಾಧಿಕಾರವೇ ಇಲ್ಲ. ಸೇನೆಯ ನಿಯಮಗಳಲ್ಲಿ ‘ಹುತಾತ್ಮ’ ಅಥವಾ ‘ಶಹೀದ್’ ಎಂಬ ಪದವಿಲ್ಲ ಎಂದು ಕೇಂದ್ರ ಸರ್ಕಾರ ಸಂಸತ್ತಿಗೂ 2017ರಲ್ಲಿ ಕೇಂದ್ರ ಮಾಹಿತಿ ಆಯೋಗಕ್ಕೂ ತಿಳಿಸಿದೆ. ಸೇನೆ ಬಳಸುವುದು ‘ಬ್ಯಾಟಲ್ ಕ್ಯಾಶುವಾಲ್ಟಿ’, ಅಂದರೆ ಯುದ್ಧಸಂಬಂಧಿ ಸಾವುನೋವು. ಇದರ ಹೊರಗಿನದು ‘ಫಿಸಿಕಲ್ ಕ್ಯಾಶುವಾಲ್ಟಿ’.

ಸೇನೆಯ ನಿಲುವಿಗೂ ಅದರದೇ ಆದ ತರ್ಕವಿದೆ. ಪದಕ್ಕೆ ಕಾನೂನಿನ ವ್ಯಾಖ್ಯಾನವಿಲ್ಲದಿದ್ದರೆ ಅದನ್ನು ಕೊಡುವುದು, ಕೊಡದಿರುವುದು ರಾಜಕೀಯದ ಮರ್ಜಿಯಾಗುತ್ತದೆ. ಜನರ ನಿಲುವೂ ಹಗುರವಾದದ್ದಲ್ಲ. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿನಲ್ಲಿ ದಾಳಿಗೆ ಬಲಿಯಾದ ರಂಜಾನ್ ಸಾಬ್ ಅವರನ್ನು ಬಳ್ಳಾರಿ ಇಂದಿಗೂ ಹುತಾತ್ಮ ಎಂದೇ ಸ್ಮರಿಸುತ್ತದೆ. ಅದಕ್ಕೆ ಯಾವ ಆದೇಶವೂ ಬೇಕಾಗಲಿಲ್ಲ. ಆ ಪದವನ್ನು ಜನ ಕೊಡಲಿ, ಕೊಡುತ್ತಲೇ ಇರಲಿ. ಆದರೆ ಸರ್ಕಾರವನ್ನು ಕೇಳುವಾಗ ಕೇಳಬೇಕಾದ ಪ್ರಶ್ನೆ ಬೇರೆ: ಈ ಸಾವು ಯಾವ ವರ್ಗದಲ್ಲಿ ದಾಖಲಾಗಿದೆ?

ಒಂದೇ ಅಕ್ಷರದ ಅಂತರ

ರಕ್ಷಣಾ ಸಚಿವಾಲಯದ 2001ರ ಜನವರಿ 31ರ ಆದೇಶ ಸೇನಾ ಸಿಬ್ಬಂದಿಯ ಸಾವು ಮತ್ತು ಅಂಗವೈಕಲ್ಯವನ್ನು ಎ ಇಂದ ಇ ವರೆಗೆ ಐದು ವರ್ಗಗಳಾಗಿ ವಿಂಗಡಿಸಿದೆ. ಸೇವೆಗೆ ಸಂಬಂಧವಿಲ್ಲದ ಕಾರಣಗಳಿಂದ ಬಂದ ಸಾವು ಎ. ಸೇವಾ ಪರಿಸ್ಥಿತಿಯಿಂದ ಬಂದ ಕಾಯಿಲೆ ಬಿ. ಕರ್ತವ್ಯದಲ್ಲಿದ್ದಾಗಿನ ಅಪಘಾತ ಸಿ. ಕಾರ್ಯಾಚರಣೆಯ ಹೊರಗೆ ಭಯೋತ್ಪಾದಕರ ಹಿಂಸೆಗೆ ಬಲಿಯಾದರೆ ಡಿ. ಯುದ್ಧ, ಗಡಿ ಘರ್ಷಣೆ, ಯುದ್ಧಸದೃಶ ಸನ್ನಿವೇಶಗಳು ಇ.

ಇಲ್ಲಿ ಗಮನಿಸಲೇಬೇಕಾದ ಅಂಶವೊಂದಿದೆ. ನೆಲಬಾಂಬ್ ಹುದುಗಿಸುವಾಗ ಅಥವಾ ತೆರವುಗೊಳಿಸುವಾಗ ಬರುವ ಸಾವನ್ನು ಈ ಆದೇಶ ಹೆಸರಿಸಿಯೇ ಇ ವರ್ಗದಲ್ಲಿಟ್ಟಿದೆ. ಗಡಿಯ ಬಳಿ, ನಮ್ಮ ಸೇನೆಯೇ ಹುದುಗಿಸಿದ ಬಾಂಬ್ ಆಕಸ್ಮಿಕವಾಗಿ ಸಿಡಿದರೂ ಅದು ಇ ವರ್ಗವೇ. ‘ಶತ್ರು ಎದುರಿಗಿರಲಿಲ್ಲವಲ್ಲ’ ಎಂಬ ವಾದಕ್ಕೆ ನಿಯಮದಲ್ಲೇ ಉತ್ತರವಿದೆ.

ವರ್ಗ ಬದಲಾದರೆ ಪಿಂಚಣಿ ಹೇಗೆ ಬದಲಾಗುತ್ತದೆ ನೋಡಿ. ಯೋಧನ ಕೊನೆಯ ತಿಂಗಳ ಪರಿಗಣನಾರ್ಹ ವೇತನ (ಪಿಂಚಣಿಗೆ ಲೆಕ್ಕ ಹಿಡಿಯುವ ವೇತನ) 50,000 ರೂಪಾಯಿ ಎಂದಿಟ್ಟುಕೊಳ್ಳೋಣ. ಡಿ ಅಥವಾ ಇ ವರ್ಗವಾದರೆ ಕುಟುಂಬಕ್ಕೆ ಉದಾರೀಕೃತ ಕುಟುಂಬ ಪಿಂಚಣಿ ಸಿಗುತ್ತದೆ, ಪೂರ್ತಿ 50,000. ಬಿ ಅಥವಾ ಸಿ ಆದರೆ ವಿಶೇಷ ಕುಟುಂಬ ಪಿಂಚಣಿ, ಶೇ 60ರಂತೆ 30,000. ಎ ಆದರೆ ಸಾಮಾನ್ಯ ದರ ಶೇ 30, ಅಂದರೆ 15,000. ಮೊದಲ ಕೆಲವು ವರ್ಷ ಈ ಸಾಮಾನ್ಯ ಪಿಂಚಣಿ ಹೆಚ್ಚಿನ ದರದಲ್ಲಿ ಇರುತ್ತದೆ. ತುಟ್ಟಿಭತ್ಯೆಯನ್ನು ಲೆಕ್ಕ ಹಾಕುವುದೂ ಇದರ ಮೇಲೆಯೇ, ಆದ್ದರಿಂದ ಅಂತರ ವರ್ಷ ವರ್ಷವೂ ಬೆಳೆಯುತ್ತದೆ. ಏಳನೇ ವೇತನ ಆಯೋಗದ ನಂತರ ನಿಗದಿಯಾದ ಕೇಂದ್ರದ ಒಂದೇ ಕಂತಿನ ಪರಿಹಾರದಲ್ಲೂ ಹೀಗೆಯೇ: ಕರ್ತವ್ಯದ ಅಪಘಾತಕ್ಕೆ 25 ಲಕ್ಷ, ಗಡಿ ಘರ್ಷಣೆ ಮತ್ತು ಉಗ್ರರ ವಿರುದ್ಧದ ಕಾರ್ಯಾಚರಣೆಗೆ 35 ಲಕ್ಷ, ಯುದ್ಧದಲ್ಲಿ ಶತ್ರುವಿನ ದಾಳಿಗೆ 45 ಲಕ್ಷ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗ ಚಕ್ರದ ಗ್ರಾನೈಟ್ ಕಲ್ಲುಗಳ ಮೇಲೆ ಹೆಸರು ಬರುವುದೂ ಯುದ್ಧಸಂಬಂಧಿ ಸಾವು ಎಂದು ದಾಖಲಾದಾಗ.

ನಿಯಮ ಇಷ್ಟು ಸ್ಪಷ್ಟವಾಗಿದ್ದರೆ ಸಮಸ್ಯೆ ಎಲ್ಲಿ? ಅಂಚಿನ ಪ್ರಕರಣಗಳಲ್ಲಿ. ಗಡಿಯಿಂದ ದೂರದ ಮದ್ದುಗುಂಡು ಡಿಪೊದಲ್ಲಿ ಅವಧಿ ಮೀರಿದ ಸ್ಫೋಟಕ ನಾಶಮಾಡುವುದಕ್ಕೂ ಅದೇ ಕೌಶಲ, ಅದೇ ಬೆರಳುಗಳು ಬೇಕು. ಅಲ್ಲಿ ಸಾವು ಬಂದರೆ ಸಾಮಾನ್ಯವಾಗಿ ಅದು ಕರ್ತವ್ಯದ ಅಪಘಾತ. 2018ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಪುಲಗಾಂವ್ ಡಿಪೊ ಬಳಿ ಹಳೆಯ ಸ್ಫೋಟಕ ನಾಶಪಡಿಸುವಾಗ ಆರು ಮಂದಿ ಸತ್ತರು. ಹೆಚ್ಚಿನವರು ಕೂಲಿಗೆ ಬಂದಿದ್ದ ಕಾರ್ಮಿಕರು. 2025ರ ನವೆಂಬರ್‌ನಲ್ಲಿ ಶ್ರೀನಗರದ ನೌಗಾಮ್ ಪೊಲೀಸ್ ಠಾಣೆಯಲ್ಲಿ ವಶಪಡಿಸಿಕೊಂಡ ಸ್ಫೋಟಕದ ಮಾದರಿ ಸಂಗ್ರಹಿಸುವಾಗ ಸ್ಫೋಟವಾಗಿ ಒಂಬತ್ತು ಮಂದಿ ಮಡಿದರು. ಪೊಲೀಸರು ಅದನ್ನು ಆಕಸ್ಮಿಕ ಸ್ಫೋಟ ಎಂದರು. ತಾಂತ್ರಿಕವಾಗಿ ಆ ಮಾತು ಸರಿ. ಆದರೂ ಅಲ್ಲಿ ಕೈಯಿಟ್ಟವರು ಅಪಾಯವನ್ನು ಅರಿತೇ ಕೈಯಿಟ್ಟಿದ್ದರು ಎಂಬುದನ್ನು ‘ಆಕಸ್ಮಿಕ’ ಎಂಬ ಪದ ಮುಚ್ಚಿಬಿಡುತ್ತದೆ. ವರ್ಗೀಕರಣ ಸ್ಥಳವನ್ನು ನೋಡುತ್ತದೆ, ಕೆಲಸವನ್ನು ನೋಡುವುದಿಲ್ಲ. ನನ್ನ ಮಟ್ಟಿಗೆ ಈ ವ್ಯವಸ್ಥೆಯ ದೊಡ್ಡ ಕೊರತೆ ಇದೇ.

ಸಂಸತ್ತಿನಲ್ಲಿ ಯಾರ ಮಾತು ಸರಿ?

2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯ ಪ್ರಕಾರ, ಸೇವಾಸಂಬಂಧಿ ಕಾರಣದಿಂದ ಮೃತಪಟ್ಟ ಅಗ್ನಿವೀರನ ಕುಟುಂಬಕ್ಕೆ 48 ಲಕ್ಷ ವಿಮೆ, 44 ಲಕ್ಷ ಪರಿಹಾರ, ನಾಲ್ಕು ವರ್ಷದಲ್ಲಿ ಉಳಿದ ಅವಧಿಯ ವೇತನ ಮತ್ತು ಸೇವಾನಿಧಿ (ಸೇವೆಯ ಕೊನೆಗೆ ಸಿಗುವ ಇಡಿಗಂಟು) ಸಿಗುತ್ತವೆ. ಇವನ್ನೆಲ್ಲ ಕೂಡಿದರೆ ಮೊತ್ತ ಕೋಟಿ ದಾಟುತ್ತದೆ. ಸರ್ಕಾರ ಹೇಳಿದ್ದು ಈ ಮೊತ್ತವನ್ನು. ಕಾಯಂ ಸೈನಿಕನ ಕುಟುಂಬಕ್ಕೆ ಸಿಗುವ ತಿಂಗಳ ಪಿಂಚಣಿ ಮಾತ್ರ ಅಗ್ನಿವೀರನ ಕುಟುಂಬಕ್ಕಿಲ್ಲ. ವಿರೋಧ ಪಕ್ಷದ ಟೀಕೆಯ ಗಟ್ಟಿಯಾದ ಭಾಗ ಇದು. ಪರಿಹಾರವೇ ಸಿಕ್ಕಿಲ್ಲ ಎಂಬುದು ನಿಲ್ಲದ ಮಾತು, ಪಿಂಚಣಿ ಇಲ್ಲ ಎಂಬುದು ನಿಲ್ಲುವ ಮಾತು. ಕರ್ತವ್ಯದಲ್ಲಿ ಮಡಿದ ಅಗ್ನಿವೀರರ ಕುಟುಂಬಕ್ಕೂ ಕಾಯಂ ಸೈನಿಕರಷ್ಟೇ ಸೌಲಭ್ಯ ಕೊಡಬೇಕೆಂದು ರಕ್ಷಣಾ ಸಂಸದೀಯ ಸ್ಥಾಯಿ ಸಮಿತಿಯೂ 2024ರಲ್ಲಿ ಶಿಫಾರಸು ಮಾಡಿದೆ.

ಬಾಂಬ್ ನಿಷ್ಕ್ರಿಯ ಕೆಲಸಕ್ಕೆ ಈ ಭೇದ ಹೆಚ್ಚು ತಟ್ಟುತ್ತದೆ. ಸಲಾಕೆ ಹಿಡಿದ ಕೈ ಕಾಯಂ ನೌಕರನದೋ ನಾಲ್ಕು ವರ್ಷದವನದೋ ಎಂದು ನೆಲದೊಳಗಿನ ಬಾಂಬ್ ಕೇಳುವುದಿಲ್ಲ. ಮೊದಲ ತಂಡದ ಅಗ್ನಿವೀರರ ನಾಲ್ಕು ವರ್ಷ 2026ರ ಕೊನೆಯ ಹೊತ್ತಿಗೆ ಮುಗಿಯತೊಡಗುತ್ತದೆ. ಅವರಲ್ಲಿ ಕಾಯಂ ಆಗುವವರು ಗರಿಷ್ಠ ಶೇ 25. ವರ್ಷಗಟ್ಟಲೆ ಮಾಡಿ ಮಾಡಿ ಕೈಗೆ ಬರುವ ವಿದ್ಯೆಯಿದು. ಕಲಿತವರಲ್ಲಿ ಬಹುಪಾಲು ಜನ ಹೊರಗೆ ಹೋದರೆ ಅನುಭವಿಗಳ ಸಂಖ್ಯೆ ಇಳಿಯುತ್ತದೆ ಎಂಬುದು ಟೀಕಾಕಾರರ ಆತಂಕ. ಕಿರಿಯರು ಹೆಚ್ಚಾದರೆ ಸೇನೆಯ ಸರಾಸರಿ ವಯಸ್ಸು ತಗ್ಗುತ್ತದೆ, ಚುರುಕು ಹೆಚ್ಚುತ್ತದೆ ಎಂಬುದು ಸರ್ಕಾರದ ಸಮರ್ಥನೆ. ಚುರುಕಿಗಿಂತ ತಾಳ್ಮೆಯೇ ಜೀವ ಉಳಿಸುವ ಈ ಕೆಲಸದಲ್ಲಿ ಮೊದಲ ಆತಂಕಕ್ಕೆ ತೂಕ ಹೆಚ್ಚು.

ಪದಕಗಳ ಎರಡು ಸಾಲು

ಶತ್ರುವಿನ ಮುಖಾಮುಖಿಯಲ್ಲಿ ತೋರಿದ ಶೌರ್ಯಕ್ಕೆ ಪರಮವೀರ, ಮಹಾವೀರ, ವೀರ ಚಕ್ರಗಳು. ಮುಖಾಮುಖಿಯಲ್ಲದ ಶೌರ್ಯಕ್ಕೆ ಅಶೋಕ, ಕೀರ್ತಿ, ಶೌರ್ಯ ಚಕ್ರಗಳು. ಬಾಂಬ್ ತೆಗೆಯುವವರು ಎರಡೂ ಸಾಲಿನಲ್ಲಿದ್ದಾರೆ. ಕಾರವಾರ ಬಳಿಯ ಚೆಂಡಿಯಾದಲ್ಲಿ ಹುಟ್ಟಿದ ರಾಮ ರಾಘೋಬಾ ರಾಣೆ 1948ರ ಏಪ್ರಿಲ್‌ನಲ್ಲಿ ನೌಶೇರಾ–ರಾಜೌರಿ ದಾರಿಯ ನೆಲಬಾಂಬ್ ಮತ್ತು ಅಡೆತಡೆಗಳನ್ನು ಗುಂಡಿನ ಮಳೆಯ ನಡುವೆ, ಟ್ಯಾಂಕಿನ ಅಡಿಯಲ್ಲಿ ತೆವಳುತ್ತಾ ತೆರವುಗೊಳಿಸಿದರು. ಗಾಯಗೊಂಡರೂ ಬದುಕುಳಿದು ಪರಮವೀರ ಚಕ್ರ ಪಡೆದರು. 2024ರಲ್ಲಿ ಅಗ್ನಿವೀರ ಮಡಿದದ್ದೂ ಅದೇ ನೌಶೇರಾ ಸೀಮೆಯಲ್ಲಿ.

ಬೆಂಗಳೂರಿನಲ್ಲಿ ಬೆಳೆದ, ರಾಷ್ಟ್ರೀಯ ಭದ್ರತಾ ಪಡೆಯ (ಎನ್‌ಎಸ್‌ಜಿ) ಬಾಂಬ್ ನಿಷ್ಕ್ರಿಯ ದಳದ ಲೆಫ್ಟಿನೆಂಟ್ ಕರ್ನಲ್ ಇ.ಕೆ. ನಿರಂಜನ್ 2016ರ ಜನವರಿ 3ರಂದು ಪಠಾಣ್‌ಕೋಟ್ ವಾಯುನೆಲೆಯಲ್ಲಿ ಉಗ್ರನ ಶವದ ಬಳಿ ಗ್ರೆನೇಡ್ ಸಿಡಿದು ಮಡಿದರು. ಅವರಿಗೆ ಮರಣೋತ್ತರವಾಗಿ ಸಂದದ್ದು ಶೌರ್ಯ ಚಕ್ರ. ಬ್ರಿಟಿಷರ ಕಾಲದಲ್ಲೂ ಇದೇ ವಿಭಜನೆ ಇತ್ತು. 1944ರಲ್ಲಿ ಇಟಲಿಯ ಯುದ್ಧಭೂಮಿಯಲ್ಲಿ ಸಂಗಡಿಗರನ್ನು ಉಳಿಸಲು ನೆಲಬಾಂಬಿನ ಮೇಲೆ ತಾವೇ ಬಿದ್ದ ಮದ್ರಾಸ್ ಸ್ಯಾಪರ್ಸ್‌ನ ಸುಬೇದಾರ್ ಸುಬ್ರಮಣಿಯನ್ ಅವರಿಗೆ ಸಿಕ್ಕಿದ್ದು ವಿಕ್ಟೋರಿಯಾ ಕ್ರಾಸ್ ಅಲ್ಲ, ಜಾರ್ಜ್ ಕ್ರಾಸ್. ಎರಡನೇ ಸಾಲಿನ ಪದಕ ಕಡಿಮೆಯದೆಂದು ತಿಳಿಯಬೇಕಾಗಿಲ್ಲ. ಅಶೋಕ ಚಕ್ರ ಶಾಂತಿಕಾಲದ ಅತ್ಯುನ್ನತ ಶೌರ್ಯ ಪ್ರಶಸ್ತಿ.

ಹೆಂಡತಿ, ತಂದೆ ತಾಯಿ

ಸಿಯಾಚಿನ್‌ನಲ್ಲಿ ಮಡಿದ ಅಧಿಕಾರಿಯೊಬ್ಬರಿಗೆ 2024ರ ಜುಲೈನಲ್ಲಿ ಕೀರ್ತಿ ಚಕ್ರ ಪ್ರದಾನವಾದ ಬಳಿಕ ಸೊಸೆ ಮತ್ತು ಅತ್ತೆ ಮಾವಂದಿರ ನಡುವಿನ ವಿವಾದ ದೇಶದ ಮನೆಮಾತಾಯಿತು. ನಿಯಮದಂತೆ ಪಿಂಚಣಿಗೆ ಮೊದಲ ಹಕ್ಕು ಪತ್ನಿಯದು. ವಿಮೆಯಂಥ ಹಣ ಯೋಧನೇ ಬರೆದಿಟ್ಟ ನಾಮನಿರ್ದೇಶನದಂತೆ ಹೋಗುತ್ತದೆ. ರಾಜ್ಯದ ಪರಿಹಾರವನ್ನು ಹೇಗೆ ಹಂಚಬೇಕೆಂಬುದು ಆಯಾ ರಾಜ್ಯದ ತೀರ್ಮಾನ. ಉತ್ತರ ಪ್ರದೇಶ ಪತ್ನಿಗೂ ಹೆತ್ತವರಿಗೂ ಪಾಲು ಮಾಡಿಕೊಡುತ್ತದೆ. ಮೊತ್ತವೂ ಒಂದೊಂದು ಕಡೆ ಒಂದೊಂದು ರೀತಿ. ದೆಹಲಿ, ಪಂಜಾಬ್ ಒಂದು ಕೋಟಿ ಕೊಡುತ್ತವೆ.

ಇಪ್ಪತ್ತೈದರ ವಿಧವೆಗೂ ಮಗನ ದುಡಿಮೆಯನ್ನೇ ನಂಬಿದ್ದ ಒಣಬೇಸಾಯದ ಹೆತ್ತವರಿಗೂ ಅನ್ಯಾಯವಾಗಬಾರದು. ರಾಜ್ಯದ ಹಣವನ್ನಾದರೂ ಮೊದಲೇ ಪ್ರಕಟಿಸಿದ ಪ್ರಮಾಣದಲ್ಲಿ ಹಂಚಿದರೆ ಸೂತಕದ ಮನೆಯಲ್ಲಿ ಜಗಳಕ್ಕೆ ಎಡೆ ಕಡಿಮೆಯಾಗುತ್ತದೆ. ಪದಕದ ಜೊತೆಗಿನ ಮಾಸಿಕ ಭತ್ಯೆ ಉಳಿಯಬೇಕಾದರೆ ವಿಧವೆ ಮೈದುನನನ್ನೇ ಮದುವೆಯಾಗಬೇಕು ಎಂಬ ಷರತ್ತು 2017ರವರೆಗೂ ಇತ್ತೆಂಬುದನ್ನು ನೆನೆದರೆ, ಈ ನಿಯಮಗಳು ಒತ್ತಾಯವಿಲ್ಲದೆ ಬದಲಾಗುವುದಿಲ್ಲ ಎಂಬುದು ತಿಳಿಯುತ್ತದೆ.

ಸರ್ಕಲ್‌ನಲ್ಲಿ ಪ್ರತಿಮೆ ನಿಲ್ಲಿಸಬಹುದೇ?

ನಮ್ಮ ಊರುಗಳಲ್ಲಿ ಮೊದಲು ಏಳುವ ಬೇಡಿಕೆ ಪ್ರತಿಮೆಯದು, ಇಲ್ಲವೇ ವೃತ್ತಕ್ಕೆ ಹೆಸರಿಡುವುದು. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ, ಜನಬಳಕೆಯ ಜಾಗಗಳಲ್ಲಿ ಪ್ರತಿಮೆ ಅಥವಾ ಕಟ್ಟಡಕ್ಕೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಆದೇಶಿಸಿದೆ. ಆದ್ದರಿಂದ ಅಧಿಕಾರಿ ‘ಆಗುವುದಿಲ್ಲ’ ಎಂದರೆ ಅದನ್ನು ಯೋಧನಿಗೆ ಮಾಡಿದ ಅವಮಾನವೆಂದು ತಿಳಿಯಬೇಕಿಲ್ಲ. ಹೆಸರಿಡುವುದಕ್ಕೆ ದಾರಿಯಿದೆ. ಆದರೆ ಬಳ್ಳಾರಿಯ ಗಡಿಗಿ ಚನ್ನಪ್ಪ ವೃತ್ತವನ್ನು ಆಟೋದವರು ಈಗಲೂ ರಾಯಲ್ ಸರ್ಕಲ್ ಎಂದೇ ಕರೆಯುವುದನ್ನು ಬಲ್ಲವರಿಗೆ, ಫಲಕವೊಂದರಿಂದಲೇ ನೆನಪು ಉಳಿಯುತ್ತದೆ ಎಂಬ ಭರವಸೆ ಬರುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಮಾದರಿ ನಮ್ಮ ನೆಲದಲ್ಲೇ ಇದೆ. ಕುಮಾರರಾಮನ ಕುಮ್ಮಟದುರ್ಗದ ಸೀಮೆಯಲ್ಲಿ, ತುಂಗಭದ್ರೆ ಕೃಷ್ಣೆಯರ ನಡುವಿನ ಹಳ್ಳಿಗಳಲ್ಲಿ, ಗುಡಿಯ ಮಗ್ಗುಲಲ್ಲೋ ಹೊಲದ ಬದುವಿನಲ್ಲೋ ನಿಂತಿರುವ ವೀರಗಲ್ಲುಗಳನ್ನು ಗಮನಿಸಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ನೆತ್ತಿಯಲ್ಲಿ ಸೂರ್ಯಚಂದ್ರರು. ಶಾಸನವಿದ್ದರೆ ಅದು ಹೊಗಳಿಕೆಗಷ್ಟೇ ನಿಲ್ಲುವುದಿಲ್ಲ. ತುರುಗಳನ್ನು ಬಿಡಿಸಿ ತರುವಾಗಲೋ ಊರಿನ ಮೇಲೆ ದಾಳಿಯಾದಾಗಲೋ ಹೋರಾಡಿ ಸತ್ತ ಎಂದು ಸಾವಿನ ಬಗೆಯನ್ನು ಹೇಳುತ್ತದೆ. ಎಷ್ಟೋ ಕಡೆ ಅವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಇಷ್ಟು ಭೂಮಿ ಬಿಟ್ಟರು ಎಂದೂ ಹೇಳುತ್ತದೆ. ಏನು ಮಾಡುವಾಗ ಸತ್ತ, ಮನೆಯವರಿಗೆ ಏನು ಕೊಟ್ಟರು ಎಂಬೆರಡೂ ಒಂದೇ ಕಲ್ಲಿನಲ್ಲಿ, ಊರಿಗೆಲ್ಲ ಕಾಣುವಂತೆ ಇದ್ದವು. ಇಂದು ಮೊದಲನೆಯದು ಸೇನೆಯ ರೆಕಾರ್ಡ್ಸ್ ಕಚೇರಿಯಲ್ಲಿದೆ, ಎರಡನೆಯದು ಪ್ರಯಾಗ್‌ರಾಜ್‌ನ ರಕ್ಷಣಾ ಪಿಂಚಣಿ ಲೆಕ್ಕಪತ್ರ ಕಚೇರಿಯಲ್ಲಿದೆ. ಊರಿಗೆ ಸಿಗುವುದು ಭಾವಚಿತ್ರವಿರುವ ಫ್ಲೆಕ್ಸ್.

2023ರ ಆಗಸ್ಟ್‌ನಲ್ಲಿ ‘ನನ್ನ ಮಣ್ಣು ನನ್ನ ದೇಶ’ ಅಭಿಯಾನದಡಿ ಗ್ರಾಮ ಪಂಚಾಯಿತಿಗಳಲ್ಲಿ ಶಿಲಾಫಲಕ ನೆಡಲಾಯಿತು. ಸ್ಥಳೀಯ ವೀರರ ಹೆಸರು ಕೆತ್ತಿಸುವ ಅವಕಾಶ ಅಲ್ಲಿತ್ತು. ಬಾಂಬ್ ನಿಷ್ಕ್ರಿಯ ದಳದ ಯೋಧನ ಊರಿನಲ್ಲಿ ಅಂಥದ್ದೇ ಕಲ್ಲಿನ ಮೇಲೆ ಹೆಸರಿನ ಜೊತೆಗೆ ಅವರ ಕೆಲಸವೂ ಬರಲಿ: ಯಾವ ಘಟಕ, ಯಾವ ದಾರಿ ಅಥವಾ ಹಳ್ಳಿಯನ್ನು ತೆರವುಗೊಳಿಸುತ್ತಿದ್ದರು, ಯಾರು ನಡೆದಾಡುವ ನೆಲವದು. ಪಂಚಾಯಿತಿ ಒಂದು ಠರಾವು ಮಾಡಿದರೆ ಆಗುವ ಕೆಲಸ. ಶಾಲೆಯ ಮಕ್ಕಳಿಗೆ ಅಲ್ಲಿಂದ ಕಲಿಯಲು ಏನಾದರೂ ಇರುತ್ತದೆ.

ಮೊದಲ ವಾರದಲ್ಲಿ ಊರಿನವರು ಮಾಡಬಹುದಾದದ್ದು

ಅಂತ್ಯಕ್ರಿಯೆಗೆ ಮುನ್ನ ಪೆಟ್ಟಿಗೆಯ ಮೇಲಿನ ತ್ರಿವರ್ಣ ಧ್ವಜವನ್ನು ಮಡಿಚಿ ಕುಟುಂಬದ ಕೈಗಿಡುತ್ತಾರೆ. ಪಾರ್ಥಿವ ಶರೀರದ ಜೊತೆ ಘಟಕದ ಪ್ರತಿನಿಧಿಗಳೂ ಬಂದಿರುತ್ತಾರೆ. ಮಾತು ಆಡಬೇಕಾದ್ದು ಅವರೊಂದಿಗೆ. ವೇದಿಕೆಯ ಗಣ್ಯರೆಲ್ಲ ಹೊರಟ ಮೇಲೆ ಓದುಬಲ್ಲ ಬಂಧುವೊಬ್ಬರು, ಸಿಕ್ಕರೆ ನೆರೆಯೂರಿನ ಮಾಜಿ ಸೈನಿಕರೊಬ್ಬರು, ಅವರ ಹೆಸರು, ದೂರವಾಣಿ ಸಂಖ್ಯೆ, ಘಟಕದ ವಿಳಾಸ ಬರೆದುಕೊಳ್ಳಲಿ. ಸಾವುನೋವಿನ ವರದಿಯ ಪ್ರತಿ ಮತ್ತು ಸೇನೆಯ ಒಳ ವಿಚಾರಣೆಯ (ಕೋರ್ಟ್ ಆಫ್ ಎನ್‌ಕ್ವೈರಿ) ತೀರ್ಮಾನವನ್ನು ಲಿಖಿತವಾಗಿ ಕೇಳಲಿ. ಯೋಧ ಮದ್ರಾಸ್ ಸ್ಯಾಪರ್ಸ್‌ನವರಾದರೆ ರೆಕಾರ್ಡ್ಸ್ ಕಚೇರಿ ಬೆಂಗಳೂರಿನಲ್ಲಿದೆ, ಹೋಗಿಬರಬಹುದು. ಖಡ್ಕಿ, ರೂರ್ಕಿಯಾದರೆ ಪತ್ರ, ಮಿಂಚಂಚೆಯಲ್ಲೇ ವ್ಯವಹರಿಸಬೇಕು. ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಈ ಓಡಾಟಕ್ಕೆ ನೆರವಾಗಲೆಂದೇ ಇದೆ. ತಹಶೀಲ್ದಾರ್ ಕಚೇರಿಯ ವಂಶವೃಕ್ಷ, ಮದುವೆಯ ನೋಂದಣಿ, ಆಧಾರ್ ಮತ್ತು ಸೇನಾ ದಾಖಲೆಯಲ್ಲಿನ ಹೆಸರಿನ ಕಾಗುಣಿತ ಒಂದೇ ಆಗಿವೆಯೇ ಎಂದು ಆಗಲೇ ನೋಡಿಕೊಳ್ಳಬೇಕು. ಒಂದು ಒತ್ತಕ್ಷರದ ವ್ಯತ್ಯಾಸಕ್ಕೆ ಕಡತ ತಿಂಗಳುಗಟ್ಟಲೆ ನಿಲ್ಲುತ್ತದೆ.

ಪಿಂಚಣಿ ಆದೇಶ ಬಂದಾಗ ಮೊತ್ತಕ್ಕಿಂತ ಮೊದಲು ಅದರಲ್ಲಿರುವ ಪಿಂಚಣಿಯ ಬಗೆಯನ್ನು ನೋಡಬೇಕು. ನೆಲಬಾಂಬ್ ತೆರವಿನಲ್ಲಿ ಮಡಿದವರಿಗೆ ‘ಉದಾರೀಕೃತ’ ಎಂಬ ಬದಲು ‘ವಿಶೇಷ’ ಎಂದಿದ್ದರೆ 2001ರ ಆದೇಶವನ್ನು ಉಲ್ಲೇಖಿಸಿ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಅಲ್ಲೂ ನ್ಯಾಯ ಸಿಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಅಂತಿಮ ಆದೇಶ ಬಂದ ದಿನದಿಂದ ಅಲ್ಲಿಗೆ ಹೋಗಲು ಸಾಮಾನ್ಯವಾಗಿ ಇರುವ ಗಡುವು ಆರು ತಿಂಗಳು. ತಡವಾದರೆ ಕಾರಣ ಕೊಟ್ಟು ವಿನಾಯಿತಿ ಕೇಳಬಹುದು. ಆದರೆ ಗಡುವಿನೊಳಗೇ ಅರ್ಜಿ ಹಾಕುವುದು ಕ್ಷೇಮ.